ರಸ್ತೆಗೂ ಟ್ರ್ಯಾಕಿಗೂ ಒಂದೇ ಹಗುರ ಗಾಡಿ: ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಕೆಲಸಕ್ಕೆ ಬಂದ ಕನ್ನಡದವರಲ್ಲಿ ಕಾರಿನ ಹುಚ್ಚು ಇರುವವರು ಕಡಿಮೆ ಏನಿಲ್ಲ. ಭಾನುವಾರ ಹಳ್ಳಿ ರಸ್ತೆಗೆ, ವರ್ಷಕ್ಕೆ ನಾಲ್ಕೈದು ಸಲ ರೇಸ್ ಟ್ರ್ಯಾಕಿಗೆ, ಆಗಾಗ ಆಫೀಸಿಗೆ, ಎಲ್ಲಕ್ಕೂ ಒಂದೇ ಗಾಡಿ ಬೇಕು ಅಂತ ಕೇಳುವವರು ತಿಂಗಳಿಗೆ ಒಬ್ಬರಾದರೂ ಸಿಗುತ್ತಾರೆ. ನಾನಿರುವುದು ನಾರ್ಫೋಕ್‌ನಲ್ಲಿ. ಲೋಟಸ್ ಕಾರು ಹುಟ್ಟುವ ಹೆಥೆಲ್ ಇಲ್ಲೇ ಪಕ್ಕದಲ್ಲಿದೆ, ಸ್ನೆಟರ್ಟನ್ ಟ್ರ್ಯಾಕೂ ಹತ್ತಿರ. ಮೊದಲು ಮಾಜ್ಡಾ ಎಂಎಕ್ಸ್-5 ಇತ್ತು, ಈಗ ಲೋಟಸ್ ಎಲೀಸ್ ಇದೆ. ಜನ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಹಗುರ ಅಂದರೆ ಎಷ್ಟು? ಅದಕ್ಕೆ ಯಾಕೆ ಇಷ್ಟೊಂದು ಒತ್ತು?

ನನ್ನ ಲೆಕ್ಕದಲ್ಲಿ ಒಂದು ಟನ್ನಿನ ಆಸುಪಾಸು, ಅದಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. 1996ರಲ್ಲಿ ಬಂದ ಮೊದಲ ಎಲೀಸ್ ಸುಮಾರು 725 ಕಿಲೋ ಇತ್ತು. ನಮ್ಮೂರಿನ ಮಾರುತಿ 800 ಇತ್ತಲ್ಲ, ಅದು ಸುಮಾರು 650 ಕಿಲೋ. ಅಂದರೆ ಮಾರುತಿಗಿಂತ ಒಬ್ಬ ಮನುಷ್ಯನಷ್ಟು ಮಾತ್ರ ಜಾಸ್ತಿ ತೂಕ, ಆದರೆ 118 ಬಿಎಚ್‌ಪಿ (ಇಂಜಿನ್ ಶಕ್ತಿಯ ಅಳತೆ) ಇಂಜಿನ್. ಇವತ್ತಿನ ಸಾಧಾರಣ ಹ್ಯಾಚ್‌ಬ್ಯಾಕ್ 1,300 ಕಿಲೋ ದಾಟಿರುತ್ತದೆ.

ತೂಕದ ವ್ಯತ್ಯಾಸ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದಾಗ ಗೊತ್ತಾಗುತ್ತದೆ, ಟ್ರ್ಯಾಕಿನಲ್ಲಿ ಜೇಬಿಗೆ ಗೊತ್ತಾಗುತ್ತದೆ. ಬ್ರೇಕ್ ಒತ್ತಿದಾಗ ಗಾಡಿಯ ಓಟವೆಲ್ಲ ಡಿಸ್ಕಿನಲ್ಲಿ ಬಿಸಿಯಾಗಿ ಇಳಿಯಬೇಕು, ಅಲ್ವಾ? ತೂಕ ಅರ್ಧ ಆದರೆ ಆ ಬಿಸಿಯೂ ಅರ್ಧ. ಹಾಗಾಗಿ ಹಗುರ ಗಾಡಿಗೆ ಸಣ್ಣ ಬ್ರೇಕ್ ಸಾಕು, ಸಣ್ಣ ಟೈರ್ ಸಾಕು, ಅವು ಬೇಗ ಸವೆಯುವುದೂ ಇಲ್ಲ. ಒಂದೂವರೆ ಟನ್ನಿನ, 300 ಬಿಎಚ್‌ಪಿಯ ಗಾಡಿ ತಂದವರು ಮಧ್ಯಾಹ್ನದ ಹೊತ್ತಿಗೆ ಬ್ರೇಕ್ ಬಿಸಿಯಾಗಿ ಪೆಡಲ್ ಮೆತ್ತಗಾಯಿತು ಅಂತ ಪಕ್ಕಕ್ಕೆ ನಿಲ್ಲಿಸಿ ಕೂತಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅದೇ ಹೊತ್ತಿಗೆ ಹಳೆಯ ಎಂಎಕ್ಸ್-5 ಸಂಜೆ ತನಕ ಸುತ್ತುತ್ತಲೇ ಇರುತ್ತದೆ.

ಯಾವ ಯಾವ ಕಾರು ನೋಡಬಹುದು?

ಎಂಎಕ್ಸ್-5, ಟೊಯೋಟಾ ಎಂಆರ್2ನ ಮೂರನೇ ಪೀಳಿಗೆ, ವಾಕ್ಸ್‌ಹಾಲ್ ವಿಎಕ್ಸ್220, ಎಲೀಸ್. ಕೇಟರ್‌ಹ್ಯಾಮ್ ಸೆವೆನ್ ಇವೆಲ್ಲಕ್ಕಿಂತ ಹಗುರ. ಆದರೆ ಅದಕ್ಕೆ ಸರಿಯಾದ ಬಾಗಿಲಿಲ್ಲ, ಮಳೆಗೆ ಹೊದಿಕೆ ಹಾಕಿಕೊಂಡೇ ಓಡಿಸಬೇಕು. ರಸ್ತೆಗೂ ಟ್ರ್ಯಾಕಿಗೂ ಸಮಪಾಲು ಬೇಕು ಅನ್ನುವವರಿಗೆ ನಾನು ಅದನ್ನು ಹೇಳುವುದಿಲ್ಲ. ಟ್ರ್ಯಾಕೇ ಮುಖ್ಯ ಅಂದರೆ ಅದರ ಮುಂದೆ ಬೇರೆ ಯಾವುದೂ ಇಲ್ಲ.

ಎಲೀಸ್ ತಗೊಳ್ಳಬೇಕು ಅಂತ ಮನಸ್ಸು ಮಾಡಿದ್ದೇನೆ. ಯಾವ ವರ್ಷದ್ದು?

ಸುಲಭವಾಗಿ ಹೇಳುವುದಾದರೆ ರೋವರ್ ಇಂಜಿನ್ ಇರುವುದು, ಟೊಯೋಟಾ ಇಂಜಿನ್ ಇರುವುದು ಅಂತ ಎರಡು ಬಗೆ. 1996ರಿಂದ ಬಂದ ಸೀರೀಸ್ 1ರಲ್ಲಿ, ಆಮೇಲೆ ಸೀರೀಸ್ 2ರ ಮೊದಲ ಗಾಡಿಗಳಲ್ಲಿ ರೋವರ್‌ನ 1.8 ಲೀಟರ್ ಕೆ-ಸೀರೀಸ್ ಇಂಜಿನ್. 2004ರಲ್ಲಿ 111ಆರ್ ಬಂತು, ಅದರಲ್ಲಿ ಟೊಯೋಟಾದ 1.8 ಲೀಟರ್ 2ಝಡ್‌ಝಡ್, 189 ಬಿಎಚ್‌ಪಿ, 6 ಗೇರು. ಗಾಡಿಯ ತೂಕ ಸುಮಾರು 860 ಕಿಲೋಗೆ ಏರಿತು. 2021ರಲ್ಲಿ ಎಲೀಸ್ ತಯಾರಿಕೆಯೇ ನಿಂತಿತು.

ಎಲ್ಲಕ್ಕೂ ಕೆಳಗಿರುವುದು ಒಂದೇ ಉಪಾಯ. ಅಲ್ಯೂಮಿನಿಯಂ ತುಂಡುಗಳನ್ನು ಅಂಟಿನಿಂದ ಜೋಡಿಸಿ ಮಾಡಿದ ಚಾಸಿ, ಮೇಲೆ ಫೈಬರ್ ಬಾಡಿ. ಬೆಸುಗೆ ಹಾಕಲು ದಪ್ಪ ಲೋಹ ಬೇಕು, ಅಂಟಿಗೆ ಬೇಡ. ಇಡೀ ಗಾಡಿ ಹಗುರವಾಗಿರುವುದಕ್ಕೆ ಮುಖ್ಯ ಕಾರಣ ಇದೇ. ರೊಮಾನೊ ಆರ್ಟಿಯೋಲಿ ಆಗ ಲೋಟಸ್‌ನ ಯಜಮಾನರು, ಗಾಡಿಗೆ ಇಟ್ಟಿದ್ದು ಅವರ ಮೊಮ್ಮಗಳು ಎಲೀಸಾಳ ಹೆಸರು.

ನನ್ನನ್ನು ಕೇಳಿದರೆ, ಮೊದಲ ಸಲ ಕೊಳ್ಳುವವರು ವರ್ಷ, ಇಂಜಿನ್ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಸಾಕಿದ ರೀತಿ ನೋಡಬೇಕು. ಬಿಲ್ಲುಗಳ ಫೈಲ್ ದಪ್ಪಗಿರುವ ರೋವರ್ ಗಾಡಿ, ಫೈಲೇ ಇಲ್ಲದ ಟೊಯೋಟಾ ಗಾಡಿಗಿಂತ ನೂರು ಪಾಲು ಮೇಲು. ಎರಡೂ ಒಂದೇ ಥರ ಸಾಕಿದ್ದು ಸಿಕ್ಕರೆ ಮಾತ್ರ ಮುಂದಿನ ಪ್ರಶ್ನೆ: ನಿಮಗೆ ಹಗುರ ಬೇಕೋ, ವೇಗ ಬೇಕೋ? ರೋವರ್ ಇಂಜಿನ್ ತಾನೇ ಹಗುರ, ಕೆಳಗಿನ ಸುತ್ತಿನಿಂದಲೇ ಎಳೆಯುತ್ತದೆ, ಹಳ್ಳಿ ರಸ್ತೆಗೆ ಹೇಳಿ ಮಾಡಿಸಿದ ಹಾಗಿದೆ. 111ಆರ್‌ನ ಟೊಯೋಟಾ ಇಂಜಿನ್ ನಿಮಿಷಕ್ಕೆ ಸುಮಾರು 6,200 ಸುತ್ತು ದಾಟಿದ ಮೇಲೆ ಬೇರೆಯದೇ ದನಿ ಎತ್ತುತ್ತದೆ. ರಸ್ತೆಯಲ್ಲಿ ಅಲ್ಲಿಗೆ ಹೋಗುವುದು ಅಪರೂಪ, ಟ್ರ್ಯಾಕಿನಲ್ಲಿ ಇಡೀ ದಿನ ಅಲ್ಲೇ ಇರುತ್ತೀರಿ.

ರೋವರ್ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ನಿಜವಾ?

ನಿಜ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಇರುವ ತೆಳು ಸೀಲು. ಆದರೆ ಅದು ಯಾಕೆ ಹೋಗುತ್ತದೆ ಅಂತ ಗೊತ್ತಿದ್ದರೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಈ ಇಂಜಿನ್ನಿನೊಳಗೆ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಬಹಳ ಕಡಿಮೆ. ಬೇಗ ಬಿಸಿಯಾಗಲಿ ಅಂತಲೇ ಹಾಗೆ ಮಾಡಿದ್ದು. ಎಲೀಸ್‌ನಲ್ಲಿ ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವೆ ಉದ್ದದ ಪೈಪು. ಬಿಸಿಯಾದಾಗ ತೆರೆಯುವ ಕವಾಟ ಥರ್ಮೋಸ್ಟಾಟ್, ಅದು ತೆರೆದಾಗ ಮುಂದಿನಿಂದ ತಣ್ಣನೆಯ ಕೂಲಂಟ್ ಒಮ್ಮೆಲೇ ಬಿಸಿ ಇಂಜಿನ್ನಿಗೆ ನುಗ್ಗುತ್ತದೆ. ಬಿಸಿ ಬಾಣಲೆಗೆ ನೀರು ಎರಚಿದ ಹಾಗೆ. ಇದು ವರ್ಷಗಟ್ಟಲೆ ನಡೆದರೆ ಗ್ಯಾಸ್ಕೆಟ್ ಸೋಲುತ್ತದೆ. ಇನ್ನೊಂದು ಕಾರಣ ಸಣ್ಣ ಸೋರಿಕೆ. ಇಂಜಿನ್ನಿಗೆ ಗಾಳಿ ತರುವ ಇನ್ಲೆಟ್ ಮ್ಯಾನಿಫೋಲ್ಡಿನ ಹತ್ತಿರ ತೊಟ್ಟು ತೊಟ್ಟಾಗಿ ಹೋದ ಕೂಲಂಟ್ ಯಾರ ಕಣ್ಣಿಗೂ ಬೀಳುವುದಿಲ್ಲ, ಇರುವುದೇ ಕಡಿಮೆಯಾದ್ದರಿಂದ ಇಂಜಿನ್ ಬೇಗ ಕುದಿಯುತ್ತದೆ.

ಹಾಗಾಗಿ ಗ್ಯಾಸ್ಕೆಟ್ ಒಂದು ಸಲ ಹೋಗಿ ಸರಿಯಾಗಿ ರಿಪೇರಿಯಾದ ಗಾಡಿಯನ್ನು ನಾನು ದೂರ ಇಡುವುದಿಲ್ಲ. ಬದಲಿಗೆ ಹತ್ತಿರ ಹೋಗಿ ಬಿಲ್ ಕೇಳುತ್ತೇನೆ. ಪದರ ಪದರದ ಉಕ್ಕಿನ ಗ್ಯಾಸ್ಕೆಟ್ ಹಾಕಿದ್ದಾರಾ, ಥರ್ಮೋಸ್ಟಾಟಿನ ಜಾಗ ಬದಲಿಸಿದ್ದಾರಾ, ಎಲ್ಲಕ್ಕಿಂತ ಮುಖ್ಯವಾಗಿ ಲೈನರ್‌ಗಳ (ಪಿಸ್ಟನ್ ಓಡಾಡುವ ಕೊಳವೆಗಳ) ಎತ್ತರ ಅಳೆದಿದ್ದಾರಾ? ಲೈನರ್ ಕೂದಲೆಳೆಯಷ್ಟು ಕೆಳಗಿಳಿದಿದ್ದರೂ ಹೊಸ ಗ್ಯಾಸ್ಕೆಟ್ ಮತ್ತೆ ಹೋಗುತ್ತದೆ. ಇದನ್ನು ಅಳೆಯದೆ ಸುಮ್ನೆ ಗ್ಯಾಸ್ಕೆಟ್ ಬದಲಿಸಿ ಕಳಿಸುವ ಗ್ಯಾರೇಜುಗಳೂ ಇವೆ.

ಗಾಡಿ ನೋಡುವ ದಿನ ಹೀಗೆ ಮಾಡಿ. ಇಂಜಿನ್ ತಣ್ಣಗಿರುವಾಗಲೇ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಕಂದು ಬಣ್ಣದ ಜಿಡ್ಡು ಇರಬಾರದು. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಕೆನೆ ಇದ್ದರೆ ಎಚ್ಚರ. ಚಳಿಗಾಲದಲ್ಲಿ ಬರೀ ಹತ್ತಿರದ ಓಡಾಟಕ್ಕೆ ಬಳಸಿದ ಗಾಡಿಯಲ್ಲೂ ಸ್ವಲ್ಪ ಕಾಣಬಹುದು, ಹಾಗಾಗಿ ಅದೊಂದನ್ನೇ ನೋಡಿ ತೀರ್ಮಾನ ಬೇಡ. ಅರ್ಧ ಗಂಟೆ ಓಡಿಸಿ. ನಿಲ್ಲಿಸಿದ ಮೇಲೆ ಇಂಜಿನ್ ಆಫ್ ಮಾಡದೆ ಫ್ಯಾನ್ ತಾನಾಗಿ ತಿರುಗುವ ತನಕ ಕಾಯಿರಿ. ಮಾರುವವರು ಇದಕ್ಕೆ ಅವಸರ ಮಾಡಿದರೆ ನನಗೆ ಅನುಮಾನ ಶುರುವಾಗುತ್ತದೆ.

ಹಾಗಾದರೆ ಟೊಯೋಟಾ ಇಂಜಿನ್ನಿಗೆ ಏನೂ ತೊಂದರೆ ಇಲ್ವಾ?

ಗಟ್ಟಿ ಇಂಜಿನ್. ಹಲ್ಲುಬೆಲ್ಟ್ ಬದಲಿಸುವ ಗೋಜಿಲ್ಲ, ಚೈನ್ ಇದೆ. ಆದರೆ ಟ್ರ್ಯಾಕಿನಲ್ಲಿ ಎರಡು ವಿಷಯ. ಒಂದು, ಉದ್ದದ ತಿರುವಿನಲ್ಲಿ ಆಯಿಲ್ ಒಂದು ಕಡೆಗೆ ಸರಿದು ಪಂಪಿಗೆ ಸಿಗದೆ ಹೋಗಬಹುದು. ಜಾಸ್ತಿ ಹಿಡಿತದ ಟೈರ್ ಹಾಕಿದಷ್ಟೂ ಇದು ಹೆಚ್ಚು. ಆಯಿಲ್ ಮಟ್ಟ ಯಾವಾಗಲೂ ಮೇಲಿನ ಗೆರೆಗೇ ಇಡಿ, ಒಳಗೆ ತಡೆ ಇರುವ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಹಾಕಿದ್ದರೆ ಇನ್ನೂ ಒಳ್ಳೆಯದು. ಎರಡು, ತಪ್ಪು ಗೇರು. 5ರಿಂದ 4ಕ್ಕೆ ಹಾಕಲು ಹೋಗಿ 2ಕ್ಕೆ ಬಿದ್ದರೆ ಇಂಜಿನ್ ಮಿತಿ ಮೀರಿ ತಿರುಗುತ್ತದೆ, ಆಯಿಲ್ ಪಂಪಿನ ಹಲ್ಲುಚಕ್ರ ಒಡೆಯಬಹುದು. ಇದನ್ನು ಯಾವ ಎಲೆಕ್ಟ್ರಾನಿಕ್ಸೂ ತಡೆಯುವುದಿಲ್ಲ. ಲೋಟಸ್ ಬಲ್ಲ ಗ್ಯಾರೇಜಿನಲ್ಲಿ ಇಂಜಿನ್ನಿನ ಕಂಪ್ಯೂಟರ್ ಓದಿಸಿ, ಎಷ್ಟು ಸುತ್ತಿಗೆ ಹೋಗಿತ್ತು ಅಂತ ಅದರಲ್ಲಿ ಗೊತ್ತಾಗುತ್ತದೆ.

ಎಂಎಕ್ಸ್-5 ಅಗ್ಗ, ಗಟ್ಟಿ ಅಂತಾರೆ. ಅದನ್ನೇ ತಗೊಂಡರೆ ಸಾಲದಾ?

ಸಾಕು. ಬಹಳ ಜನಕ್ಕೆ ಅದೇ ಸರಿ. 1989ರಲ್ಲಿ ಬಂತು, 2016ರ ಹೊತ್ತಿಗೆ ಹತ್ತು ಲಕ್ಷ ಗಾಡಿ ತಯಾರಾಗಿದ್ದವು. ಬಿಡಿ ಭಾಗ ಎಲ್ಲಿ ಬೇಕಾದರೂ ಸಿಗುತ್ತದೆ, ಯಾವ ಮೆಕ್ಯಾನಿಕ್ ಬೇಕಾದರೂ ಕೈ ಹಾಕುತ್ತಾರೆ. ಮುಂದೆ ಇಂಜಿನ್, ಹಿಂದಿನ ಚಕ್ರಕ್ಕೆ ಶಕ್ತಿ, ಹಿಂಬದಿ ಜಾರಿದರೆ ನಿಧಾನವಾಗಿ ಹೇಳಿಯೇ ಜಾರುತ್ತದೆ. ಓಡಿಸಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಇಲ್ಲ.

ಇದರ ಶತ್ರು ತುಕ್ಕು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಅಂತ ಬೆಂಗಳೂರಿನಲ್ಲಿ ಗಾಡಿ ಓಡಿಸಿದವರಿಗೆ ಅಂದಾಜು ಇರುವುದಿಲ್ಲ. ನನಗೂ ಇರಲಿಲ್ಲ. ನನ್ನ ಮೊದಲ ಎಂಎಕ್ಸ್-5 ಫಳಫಳ ಹೊಳೆಯುತ್ತಿತ್ತು, ಮಾರಿದ ಡೀಲರ್ ಹೊಸದಾಗಿ ಪೇಂಟ್ ಮಾಡಿಸಿದ್ದರು. ಆರು ತಿಂಗಳ ನಂತರ ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಸಿಲ್ ಮೇಲೆ ಗುಳ್ಳೆ ಎದ್ದಿತು. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದೆ, ಒಳಗೆ ಹೋಯಿತು. ಕಬ್ಬಿಣವೇ ಇರಲಿಲ್ಲ, ಬರೀ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು. ಎರಡೂ ಕಡೆ ಕತ್ತರಿಸಿ ಹೊಸ ಲೋಹ ಬೆಸೆಯಲು ಗಾಡಿಯ ಬೆಲೆಯ ಅರ್ಧಕ್ಕಿಂತ ಜಾಸ್ತಿ ಖರ್ಚಾಯಿತು. ಆ ದಿನ ನಿಜಕ್ಕೂ ಅಳು ಬಂದಿತ್ತು. ಅವತ್ತಿನಿಂದ ಯಾರ ಗಾಡಿ ನೋಡಲು ಹೋದರೂ ಸಣ್ಣ ಅಯಸ್ಕಾಂತ ಜೇಬಿನಲ್ಲಿ ಇರುತ್ತದೆ. ಪುಟ್ಟಿ ಇರುವ ಜಾಗಕ್ಕೆ ಅದು ಅಂಟುವುದಿಲ್ಲ.

ಮೊದಲ ಪೀಳಿಗೆಯಲ್ಲಿ ಸಿಲ್ ನೋಡಿ. 1998ರಿಂದ 2005ರ ತನಕದ ಎರಡನೇ ಪೀಳಿಗೆಯಲ್ಲಿ ಸಿಲ್ ಜೊತೆಗೆ ಮುಂದಿನ ಚಾಸಿ ಹಳಿಗಳನ್ನೂ ಕೆಳಗೆ ಮಲಗಿ ನೋಡಬೇಕು. ಅಲ್ಲಿ ತುಕ್ಕು ಹಿಡಿದರೆ ಮೇಲಿನಿಂದ ಕಾಣುವುದೇ ಇಲ್ಲ. ಬಟ್ಟೆಯ ಟಾಪಿನ ಹಿಂದೆ ನೀರು ಹೋಗುವ ತೂತುಗಳಿವೆ, ಅವು ಎಲೆ ಕಟ್ಟಿ ಮುಚ್ಚಿಕೊಂಡರೆ ನೀರೆಲ್ಲ ಸಿಲ್ ಒಳಗೆ ನಿಲ್ಲುತ್ತದೆ. ಮೂರನೆಯದು ಸ್ವಲ್ಪ ಭಾರ. 2015ರ ನಾಲ್ಕನೆಯದು ಮತ್ತೆ ಹಗುರ, ದುಡ್ಡಿದ್ದರೆ ರಸ್ತೆಗೆ ಅದೇ ಚೆಂದ. ಅದರ ಮೊದಲ ವರ್ಷಗಳ ಗಾಡಿಯಾದರೆ ಗೇರ್‌ಬಾಕ್ಸ್ ಶಬ್ದ ಗಮನಿಸಿ.

ಎಂಆರ್2, ವಿಎಕ್ಸ್220 ಬಗ್ಗೆ ಯಾರೂ ಮಾತಾಡಲ್ಲ, ಯಾಕೆ?

ಎಂಆರ್2 ಸುಮಾರು 975 ಕಿಲೋ, ಇಂಜಿನ್ ಸೀಟಿನ ಹಿಂದೆ, 138 ಬಿಎಚ್‌ಪಿ, ಬೆಲೆಗೆ ಹೋಲಿಸಿದರೆ ಅದ್ಭುತ ಗಾಡಿ. ಸರಿಯಾದ ಡಿಕ್ಕಿ ಇಲ್ಲ, ಒಂದು ವಾರದ ತರಕಾರಿ ಇಡಲು ಜಾಗ ಹುಡುಕಬೇಕು. ಮೊದಲ ವರ್ಷಗಳ ಗಾಡಿಗಳಲ್ಲಿ ಎಕ್ಸಾಸ್ಟಿನ ಹೊಗೆ ಶುದ್ಧ ಮಾಡುವ ಸಣ್ಣ ಕ್ಯಾಟಲಿಟಿಕ್ ಕನ್ವರ್ಟರ್ ಒಡೆದು ಪುಡಿಯಾಗಿ ಇಂಜಿನ್ನಿನೊಳಕ್ಕೇ ಸೇರುತ್ತದೆ. ಆಯಿಲ್ ಕುಡಿಯುವ ಗಾಡಿ ಬೇಡ, ಅಷ್ಟೇ.

ವಿಎಕ್ಸ್220 ಎಲೀಸ್‌ನ ತಂಗಿ. 2000ರಿಂದ 2005ರ ತನಕ ಅದೇ ಹೆಥೆಲ್‌ನಲ್ಲೇ ತಯಾರಾಯಿತು. ಚೈನ್ ಇರುವ 2.2 ಲೀಟರ್ ಇಂಜಿನ್, 145 ಬಿಎಚ್‌ಪಿ, ಗ್ಯಾಸ್ಕೆಟ್ ಚಿಂತೆ ಇಲ್ಲ. ಮುಂದಿನ ಬಿಲ್ಲೆಯಲ್ಲಿ ಲೋಟಸ್ ಅಂತ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಅಗ್ಗ. ಬಾಡಿಯ ಭಾಗಗಳು ಸಿಗುವುದು ಕಷ್ಟ, ಹಾಗಾಗಿ ಏಟು ತಿಂದದ್ದು ಬೇಡ.

ಎಲೀಸ್ ನೋಡಲು ಹೋದಾಗ ಎಲ್ಲೆಲ್ಲಿ ಕಣ್ಣು ಹಾಯಿಸಬೇಕು?

ಹೊರಡುವ ಮೊದಲೇ ಅರ್ಧ ಕೆಲಸ ಮುಗಿಸಿ. ನಂಬರ್ ಪ್ಲೇಟಿನ ನಂಬರ್ ಹಾಕಿದರೆ ಸರ್ಕಾರದ ವೆಬ್‌ಸೈಟಿನಲ್ಲಿ ಎಂಒಟಿ (ವರ್ಷಕ್ಕೊಮ್ಮೆ ಮಾಡಿಸಬೇಕಾದ ಗಾಡಿ ತಪಾಸಣೆ) ಚರಿತ್ರೆ ಪುಕ್ಕಟೆ ಸಿಗುತ್ತದೆ. ಪ್ರತಿ ವರ್ಷದ ಮೈಲಿ, ಫೇಲ್ ಆದ ಕಾರಣ, ಮುಂದೆ ನೋಡಿಕೊಳ್ಳಿ ಅಂತ ಬರೆದ ಸೂಚನೆ, ಎಲ್ಲ. ಒಂದೇ ಸೂಚನೆ ಮೂರು ವರ್ಷ ಸಾಲಾಗಿ ಬಂದಿದ್ದರೆ ಆ ಮಾಲೀಕರು ಗಾಡಿಗೆ ಖರ್ಚು ಮಾಡುವವರಲ್ಲ. ಆಮೇಲೆ ದುಡ್ಡು ಕೊಟ್ಟು ಇನ್ಶೂರೆನ್ಸ್ ಚರಿತ್ರೆ ತೆಗೆಸಿ. 2017ರ ಅಕ್ಟೋಬರಿನಿಂದ, ಏಟು ತಿಂದು ಇನ್ಶೂರೆನ್ಸಿನವರು ಕೈಬಿಟ್ಟ, ಆದರೆ ರಿಪೇರಿ ಮಾಡಬಹುದಾದ ಗಾಡಿಗಳಿಗೆ ಎಸ್, ಎನ್ ಅಂತ ಗುರುತು. ಎಸ್ ಅಂದರೆ ಚಾಸಿಗೇ ಏಟು, ಎನ್ ಅಂದರೆ ಚಾಸಿಗೆ ಆಗಿಲ್ಲ. ಎಲೀಸ್‌ನಲ್ಲಿ ಎನ್ ಇದ್ದರೆ ನಾನು ಹೋಗಿ ನೋಡುತ್ತೇನೆ. ಮುಂದಿನ ಬಾಡಿ ಪೂರ್ತಿ ಒಂದೇ ತುಂಡು ಆದ್ದರಿಂದ ಮೂಲೆಗೆ ಸಣ್ಣ ಏಟು ಬಿದ್ದರೂ ರಿಪೇರಿಗೆ ಖರ್ಚು ಜಾಸ್ತಿ ಅಂತ ಇನ್ಶೂರೆನ್ಸಿನವರು ಗಾಡಿಯನ್ನೇ ಕೈ ಬಿಡುತ್ತಾರೆ. ಎಸ್ ಇದ್ದರೆ ಫೋನೂ ಮಾಡುವುದಿಲ್ಲ. ಅಂಟಿನ ಚಾಸಿ ಬಾಗಿದರೆ ಬಡಿದು ನೇರ ಮಾಡಲು ಬರುವುದಿಲ್ಲ, ನಮ್ಮೂರ ಟಿಂಕರಿಂಗ್ ಕೆಲಸ ಇಲ್ಲಿ ನಡೆಯುವುದಿಲ್ಲ.

ಗಾಡಿಯ ಹತ್ತಿರ ಬಂದ ಮೇಲೆ ಕಾರ್ಪೆಟ್ ಎತ್ತಿ. ಒದ್ದೆ ಕಾರ್ಪೆಟ್ ಕೆಳಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿರುತ್ತದೆ. ಕೆಳಗೆ ಮಲಗಿ ನೆಲದ ಹಾಳೆ ನೋಡಿ, ಜಾಕ್ ತಪ್ಪು ಜಾಗಕ್ಕೆ ಕೊಟ್ಟಿದ್ದರೆ ತಗ್ಗು ಬಿದ್ದಿರುತ್ತದೆ. ಸೀರೀಸ್ 1ರ ಮೊದಲ ಗಾಡಿಗಳಲ್ಲಿ ಅಲ್ಯೂಮಿನಿಯಂ ಬೆರಕೆಯ ವಿಶೇಷ ಬ್ರೇಕ್ ಡಿಸ್ಕ್ ಇತ್ತು. ಹಗುರ, ಸವೆಯುವುದೂ ಕಡಿಮೆ, ಆದರೆ ಹೊಸದು ಸಿಗುವುದಿಲ್ಲ. ಈಗ ಯಾವ ಡಿಸ್ಕ್ ಇದೆ ಅಂತ ಕೇಳಿ.

ಮತ್ತೆ ಟೋ ಲಿಂಕ್. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಹಿಂದಿನ ಚಕ್ರ ನೇರವಾಗಿ ನಿಲ್ಲಲು ಒಂದು ಕಡ್ಡಿ ಹಿಡಿದಿರುತ್ತದೆ, ಅದರ ಒಳತುದಿಯ ಬಾಲ್ ಜಾಯಿಂಟಿಗೆ ಒಂದೇ ಕಡೆಯ ಆಸರೆ. ಸವೆದು ಮುರಿದರೆ ಹಿಂದಿನ ಚಕ್ರ ತನಗೆ ಬೇಕಾದ ಕಡೆ ತಿರುಗುತ್ತದೆ, ಗಾಡಿ ಗಿರ್ರನೆ ಸುತ್ತುತ್ತದೆ. ಟ್ರ್ಯಾಕಿಗೆ ಹೋಗುವವರು ಎರಡೂ ಕಡೆ ಆಸರೆ ಇರುವ ಗಟ್ಟಿ ಜೋಡಣೆ ಹಾಕಿಸುತ್ತಾರೆ. ಹಾಕಿಲ್ಲದ ಗಾಡಿ ತಗೊಂಡರೆ ನಿಮ್ಮ ಮೊದಲ ಖರ್ಚು ಇದೇ ಆಗಲಿ.

ಟ್ರ್ಯಾಕಿನಲ್ಲಿ ಓಡಿಸಿದ ಗಾಡಿ ತಗೋಬಾರದು ಅಂತಾರಲ್ಲ?

ನಾನು ಒಪ್ಪುವುದಿಲ್ಲ. ಟ್ರ್ಯಾಕಿಗೆ ಹೋಗುವ ಮಾಲೀಕರು ಆಯಿಲ್ ಬೇಗ ಬದಲಿಸುತ್ತಾರೆ, ಬ್ರೇಕ್ ನೋಡುತ್ತಾರೆ, ಬೋಲ್ಟ್ ಬಿಗಿ ಮಾಡುತ್ತಾರೆ. ನಾಲ್ಕು ವರ್ಷ ಗ್ಯಾರೇಜಿನಲ್ಲಿ ಬೆಡ್‌ಶೀಟ್ ಹೊದ್ದು ಮಲಗಿದ ಗಾಡಿಯ ರಬ್ಬರ್, ಸೀಲು, ಟೈರ್ ಎಲ್ಲ ಒಣಗಿರುತ್ತವೆ. ಟ್ರ್ಯಾಕಿಗೆ ಹೋಗಿದ್ದನ್ನು ಬಚ್ಚಿಡುವ ಮಾಲೀಕರ ಹತ್ತಿರ ಮಾತ್ರ ಬೇಡ.

ಕೊಂಡ ಮೇಲೆ, ಮೊದಲ ಟ್ರ್ಯಾಕ್ ದಿನಕ್ಕೆ ಮುಂಚೆ ಏನು ಮಾಡಿಸಬೇಕು?

ಪವರ್ ಹೆಚ್ಚಿಸುವ ಆಸೆ ಬಿಡಿ. ಕೈಯಲ್ಲಿರುವ ದುಡ್ಡಿನಲ್ಲಿ ಐದರಲ್ಲಿ ಒಂದು ಪಾಲು ಗಾಡಿ ಕೊಳ್ಳುವಾಗಲೇ ತೆಗೆದಿಟ್ಟುಕೊಂಡಿರಿ. ಮೊದಲು ಬ್ರೇಕ್ ಆಯಿಲ್. ಅದು ಗಾಳಿಯಿಂದ ತೇವ ಹೀರುತ್ತದೆ. ಹಳತಾದಂತೆ ಕಡಿಮೆ ಬಿಸಿಗೇ ಕುದಿಯುತ್ತದೆ, ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹೆಚ್ಚು ಬಿಸಿ ತಾಳುವ ಡಾಟ್ 4 ಅಥವಾ 5.1 ದರ್ಜೆಯ ಆಯಿಲ್ ಹಾಕಿಸಿ. ಡಾಟ್ 5 ಬೇರೆಯೇ ವಸ್ತು, ಸಿಲಿಕೋನ್, ಅದನ್ನು ಇದಕ್ಕೆ ಬೆರೆಸಬಾರದು. ಆಮೇಲೆ ಪ್ಯಾಡು. ಆಮೇಲೆ ಟೈರು. ಅದರ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹತ್ತು ವರ್ಷದ ಟೈರಿನಲ್ಲಿ ಗೆರೆ ಚೆನ್ನಾಗಿದ್ದರೂ ಅದರಲ್ಲಿ ಹಿಡಿತ ಇರುವುದಿಲ್ಲ.

ಎಂಎಕ್ಸ್-5ರ ಹಾಗೆ ತೆರೆದ ಗಾಡಿಗೆ ರೋಲ್ ಬಾರ್ (ಗಾಡಿ ಮಗುಚಿದರೆ ತಲೆ ಕಾಯುವ ಕಂಬಿ) ಇಲ್ಲದಿದ್ದರೆ ಬಹಳ ಕಡೆ ಒಳಗೇ ಬಿಡುವುದಿಲ್ಲ. ಎಲೀಸ್‌ಗೆ ಸೀಟಿನ ಹಿಂದೆ ಕಂಪನಿಯದೇ ಇದೆ. ಶಬ್ದವನ್ನೂ ಅಳೆಯುತ್ತಾರೆ. ಸೈಲೆನ್ಸರಿನಿಂದ ಅರ್ಧ ಮೀಟರ್ ದೂರದಲ್ಲಿ, ಓರೆಯಾಗಿ, ಇಂಜಿನ್ ತನ್ನ ಗರಿಷ್ಠ ಸುತ್ತಿನ ಮುಕ್ಕಾಲು ಪಾಲಿನಲ್ಲಿ ತಿರುಗುತ್ತಿರುವಾಗ. ಹಿಂದಿನ ಮಾಲೀಕರು ಜೋರು ಸೈಲೆನ್ಸರ್ ಹಾಕಿಸಿದ್ದರೆ ಬೆಳಿಗ್ಗೆ ಎಂಟಕ್ಕೇ ವಾಪಸ್ ಬರಬೇಕಾಗಬಹುದು.

ಮಾಮೂಲಿ ಇನ್ಶೂರೆನ್ಸ್ ಟ್ರ್ಯಾಕಿಗೆ ನಡೆಯುತ್ತದಾ?

ಸಾಮಾನ್ಯವಾಗಿ ಇಲ್ಲ. ಒಂದು ದಿನದ ಮಟ್ಟಿಗೆ ಬೇರೆ ತಗೋಬೇಕು. ಗಾಡಿಯಲ್ಲಿ ಏನೇ ಬದಲಿಸಿದ್ದರೂ, ಹಿಂದಿನವರು ಬದಲಿಸಿದ್ದೂ ಸೇರಿ, ಇನ್ಶೂರೆನ್ಸಿನವರಿಗೆ ಹೇಳಿಬಿಡಿ.

ಮನೆಯವರು ಒಪ್ಪುತ್ತಾರಾ? ದಿನಾ ಓಡಿಸಬಹುದಾ?

ಎಂಎಕ್ಸ್-5 ದಿನಾ ಓಡಿಸಬಹುದು, ನಾನು ಎರಡು ಚಳಿಗಾಲ ಓಡಿಸಿದ್ದೇನೆ. ಎಲೀಸ್ ಹಾಗಲ್ಲ. ಅಗಲವಾದ ಸಿಲ್ ದಾಟಿ ಕೆಳಗೆ ಇಳಿದು ಕೂರಬೇಕು. ನನ್ನಮ್ಮ ಹಾಸನದಿಂದ ಬಂದಾಗ ಕೂರಬೇಕು ಅಂತ ಆಸೆಪಟ್ಟರು. ಟಾಪ್ ಪೂರ್ತಿ ತೆಗೆದು, ಕೈ ಹಿಡಿದು ಕೂರಿಸಿದೆ. ಸಮುದ್ರದ ತನಕ ಹೋಗಿ ಬಂದೆವು. ಮಂಡಿ ನೋವಿರುವವರಿಗೆ ಟಾಪ್ ತೆಗೆಯದೆ ಕೂರಲು ಹೇಳಲೇಬೇಡಿ. ಮಳೆಯಲ್ಲಿ ಸ್ವಲ್ಪ ನೀರು ಒಳಗೆ ಬರುತ್ತದೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಮಾತ್ರ ಎಲೀಸ್ ಕಡೆ ನೋಡಿ.

ವಾಪಸ್ ಬೆಂಗಳೂರಿಗೆ ಹೋಗುವಾಗ ತಗೊಂಡು ಹೋಗಬಹುದಾ? ಸ್ಟೇರಿಂಗ್ ಬಲಕ್ಕೇ ಇದೆಯಲ್ಲ.

ಆಗುವುದಿಲ್ಲ. ತಯಾರಾಗಿ 3 ವರ್ಷ ದಾಟಿದ ಬಳಸಿದ ಕಾರನ್ನು ಭಾರತಕ್ಕೆ ತರಲು ಬಿಡುವುದಿಲ್ಲ. ಇಲ್ಲಿ ಹೇಳಿದ ಗಾಡಿಗಳೆಲ್ಲ ಹೆಚ್ಚುಕಡಿಮೆ ಅದಕ್ಕಿಂತ ಹಳೆಯವು. ಹೊಸದನ್ನು ತಂದರೂ ತೆರಿಗೆ ಬಹಳ ಜಾಸ್ತಿ. ಊರಿಗೆ ಹೋದ ಮೇಲೆ ಓಡಿಸುವ ಆಸೆ ಇದ್ದರೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಇದೆ, ಸಣ್ಣ ಹ್ಯಾಚ್‌ಬ್ಯಾಕ್ ಹಗುರವೇ ಇರುತ್ತದೆ, ಅದರಲ್ಲೇ ಹೋಗಿ.

ನಮ್ಮ ಜೊತೆ ಗಾಡಿ ನೋಡಲು ಬರುತ್ತೀರಾ?

ನಾರ್ಫೋಕ್, ಸಫೋಕ್ ಒಳಗಾದರೆ ಭಾನುವಾರ ಬೆಳಿಗ್ಗೆ ಖಂಡಿತ ಬರುತ್ತೇನೆ. ಟಾರ್ಚು, ಮಲಗಲು ಹಳೆಯ ಚಾಪೆ, ಅಯಸ್ಕಾಂತ ನಾನು ತರುತ್ತೇನೆ. ಮಳೆ ಇದ್ದರೆ ಬೇಡ, ಒದ್ದೆ ಪೇಂಟಿನಲ್ಲಿ ಎಲ್ಲ ಗಾಡಿಯೂ ಹೊಸದರಂತೆ ಕಾಣುತ್ತದೆ. ನೀವು ಒಂದು ಕೆಲಸ ಮಾಡಿ: ನಾವು ಬರುವ ತನಕ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹಿಂದಿನ ದಿನವೇ ಹೇಳಿಡಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡುತ್ತೇನೆ, ಎಲೀಸ್ ಆದರೆ ಹಿಂದಿನ ಮುಚ್ಚಳ. ಬೆಚ್ಚಗಿದ್ದರೆ ಒಂದು ಟೀ ಕುಡಿದು ವಾಪಸ್ ಬರೋಣ.